ರೇಡಿಯೊದಲ್ಲಿ ಕೃಷಿ ಮಾಹಿತಿ: ಮೊದಲು ಕೇಳುಗರ ಗುಂಪು ಕಟ್ಟಿ

ಮೊಬೈಲ್ ಸಂಪರ್ಕವಿಲ್ಲದ ಹಳ್ಳಿಗಳಿಗೆ ವಾರಕ್ಕೊಮ್ಮೆ ಕೃಷಿ ವಿಜ್ಞಾನಿಗಳ ಅರ್ಧ ಗಂಟೆಯ ಉಪನ್ಯಾಸವನ್ನು ರೇಡಿಯೊದಲ್ಲಿ ಬಿತ್ತರಿಸಿದರೆ ಪ್ರಯೋಜನವಾದೀತೇ ಎಂದು ಕೇಳಿದ್ದೀರಿ. ರೇಡಿಯೊ ತಕ್ಕ ಮಾಧ್ಯಮವೇ ಹೌದು. ಓದುಬರಹ ಬಾರದವರನ್ನೂ ಅದು ತಲುಪುತ್ತದೆ. ಆದರೆ ಬರೀ ಉಪನ್ಯಾಸವನ್ನು ನೆಚ್ಚಿಕೊಳ್ಳಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಕೆನಡಾದಲ್ಲಿ 1941ರಿಂದ 1965ರವರೆಗೆ ನಡೆದ ರೈತರ ರೇಡಿಯೊ ವೇದಿಕೆಯಲ್ಲಿ ನೆರೆಹೊರೆಯವರು ಒಂದು ಮನೆಯಲ್ಲಿ ಕೂಡಿ ಕಾರ್ಯಕ್ರಮ ಕೇಳಿ, ಚರ್ಚಿಸಿ, ತಮ್ಮ ಅಭಿಪ್ರಾಯವನ್ನು ಬರೆದು ಕಳುಹಿಸುತ್ತಿದ್ದರು. ಇದೇ ಮಾದರಿಯನ್ನು 1956ರಲ್ಲಿ ಯುನೆಸ್ಕೊ ನೆರವಿನೊಂದಿಗೆ ಆಕಾಶವಾಣಿಯು ಪುಣೆಯ ಸುತ್ತಲಿನ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಪ್ರಯೋಗಿಸಿತು. ಅದನ್ನು ಅಧ್ಯಯನ ಮಾಡಿದ ಸಮಾಜವಿಜ್ಞಾನಿ ಪಾಲ್ ನ್ಯೂರಾತ್ ಅವರು, ರೇಡಿಯೊ ಮಾತ್ರ ಇದ್ದ ಹಳ್ಳಿಗಳಿಗಿಂತ ಕೇಳಿ ಚರ್ಚಿಸುವ ಗುಂಪುಗಳಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಬಹಳ ಹೆಚ್ಚಿದ್ದನ್ನು ಕಂಡರು. ಪೆಟ್ಟಿಗೆ ಅದೇ, ಎದುರು ಕುಳಿತವರು ಪರಸ್ಪರ ಮಾತಾಡಿದ್ದೇ ವ್ಯತ್ಯಾಸಕ್ಕೆ ಕಾರಣ. ಆದ್ದರಿಂದ ಮೊದಲು ಊರಿಗೊಂದು ಗುಂಪು ಕಟ್ಟಿ, ಮಹಿಳೆಯರಿಗೆ ಬಿಡುವಿರುವ ಹೊತ್ತು ಯಾವುದೆಂದು ಅವರನ್ನೇ ಕೇಳಿ ಪ್ರಸಾರದ ವೇಳೆಯನ್ನು ಗೊತ್ತುಪಡಿಸಿ.

ಇನ್ನು ವಿಷಯ. ಕಿವಿಯಿಂದ ಕೇಳಿದ್ದನ್ನು ಮತ್ತೆ ತಿರುಗಿಸಿ ನೋಡಲಾಗುವುದಿಲ್ಲವಾದ್ದರಿಂದ ಒಂದು ಕಂತಿಗೆ ಒಂದೇ ಕೆಲಸ ಸಾಕು. ಭತ್ತದ ಬೀಜದಿಂದ ಜೊಳ್ಳು ಬೇರ್ಪಡಿಸುವುದನ್ನೇ ತೆಗೆದುಕೊಳ್ಳಿ: ನೀರಿಗೆ ತಾಜಾ ಮೊಟ್ಟೆಯೊಂದನ್ನು ಬಿಟ್ಟು, ಅದು ತೇಲುವವರೆಗೆ ಉಪ್ಪು ಕರಗಿಸಬೇಕು; ಆಮೇಲೆ ಮೊಟ್ಟೆ ತೆಗೆದು ಬೀಜ ಸುರಿದು, ತೇಲಿದ ಜೊಳ್ಳನ್ನು ಬಾಚಿ ತೆಗೆದು, ಮುಳುಗಿದ ಗಟ್ಟಿ ಬೀಜವನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕು. ತಕ್ಕಡಿಯ ಹಂಗಿಲ್ಲದ ಇಂಥ ಅಳತೆ ರೇಡಿಯೊಗೆ ಹೇಳಿ ಮಾಡಿಸಿದಂತಿದೆ. ಕೀಟನಾಶಕದ ಮಾತು ಬೇರೆ. ಅಲ್ಲಿ ‘ಒಂದು ಮುಚ್ಚಳ’ ಎನ್ನುವುದು ಅಪಾಯಕರ, ಏಕೆಂದರೆ ಮುಚ್ಚಳಗಳು ಒಂದೇ ಗಾತ್ರದವಲ್ಲ. ಮಿಲಿಲೀಟರಿನಲ್ಲಿಯೇ ನಿಧಾನವಾಗಿ ಎರಡು ಸಲ ಹೇಳಿಸಿ.

ಆ ಕೆಲಸವನ್ನು ಮಾಡಿದ ರೈತರೇ ಮಾತನಾಡಲಿ, ವಿಜ್ಞಾನಿಗಳು ತಪ್ಪಿದ್ದರೆ ತಿದ್ದಲಿ. ಬಿತ್ತನೆಯ ವಿಷಯವು ಬಿತ್ತನೆಗೆ ಒಂದೆರಡು ವಾರ ಮುಂಚೆಯೇ ಬಿತ್ತರವಾಗಬೇಕು. ಗುಂಪುಗಳ ಪ್ರಶ್ನೆಗಳನ್ನು ಅವರ ದನಿಯಲ್ಲಿಯೇ ಧ್ವನಿಮುದ್ರಿಸಿ ತಂದು, ಮುಂದಿನ ಕಂತನ್ನು ಅವುಗಳ ಉತ್ತರದಿಂದ ಆರಂಭಿಸಿ. ತಮ್ಮ ಪ್ರಶ್ನೆಗೆ ಉತ್ತರ ಬರುತ್ತದೆಂಬ ಭರವಸೆಯಿದ್ದರೆ ಜನ ಮರುವಾರವೂ ಬಂದು ಕೂಡುತ್ತಾರೆ.

ಪ್ರಸಾರಕ್ಕೆ ಮುನ್ನ ಪ್ರತಿ ಕಂತನ್ನೂ ಐದಾರು ರೈತರಿಗೆ ಕೇಳಿಸಿ, ಏನು ಮಾಡಬೇಕೆಂದು ಅವರ ಬಾಯಿಂದಲೇ ಹೇಳಿಸಿ ನೋಡಿ. ಅವರು ಅಳತೆಯನ್ನು ತಪ್ಪು ಹೇಳಿದರೆ ಆ ಭಾಗವನ್ನು ಹೊಸದಾಗಿ ಧ್ವನಿಮುದ್ರಿಸಬೇಕು.