ವರ್ಡ್ ಫೈಲಿನಿಂದ ತಪ್ಪಿಲ್ಲದ ಎಚ್‌ಟಿಎಂಎಲ್ ಪಡೆಯೋದು ಹೇಗೆ?

ಕೋಲಾರದ ಟೊಮೆಟೊ ಧಾರಣೆ ಪಟ್ಟಿಯನ್ನು ವರ್ಡ್‌ನಲ್ಲಿ ಮಾಡಿ ವೆಬ್ ಪೇಜ್ ಆಗಿ ಸೇವ್ ಮಾಡಿದರೆ ಪುಟದ ಎಚ್‌ಟಿಎಂಎಲ್ ಕೋಡನ್ನು ಪರೀಕ್ಷಿಸುವ ಡಬ್ಲ್ಯು3ಸಿ ವ್ಯಾಲಿಡೇಟರ್ ರಾಶಿ ತಪ್ಪು ತೋರಿಸುತ್ತದೆ ಅಂತ ಕೇಳಿದ್ದೀರಿ. ತೋರಿಸದೆ ಇನ್ನೇನು? ಫೈಲನ್ನು ಮತ್ತೆ ತನ್ನಲ್ಲೇ ತೆರೆಯಲು ಅನುಕೂಲವಾಗಲಿ ಅಂತ ವರ್ಡ್ 'ಎಂಎಸ್‌ಒ' ಅಂತ ಶುರುವಾಗುವ ಸ್ಟೈಲುಗಳನ್ನು ತುಂಬಿರುತ್ತದೆ. 'ವೆಬ್ ಪೇಜ್, ಫಿಲ್ಟರ್ಡ್' ಆರಿಸಿದರೆ ಬಹಳಷ್ಟು ಹೋಗುತ್ತದೆ, ಪೂರ್ತಿ ಅಲ್ಲ.

ನಾನಾದರೆ ವರ್ಡ್‌ನ ಡಾಕ್ಸ್ (.docx) ಫೈಲನ್ನು ಪ್ಯಾಂಡಾಕ್‌ಗೆ ಕೊಡುತ್ತೇನೆ. ಫೈಲನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ಉಚಿತ ಸಾಫ್ಟ್‌ವೇರ್, ಎಚ್‌ಟಿಎಂಎಲ್5 ಕೊಡುತ್ತದೆ. ಆದರೆ ಅದು ನೋಡೋದು ವರ್ಡ್‌ನಲ್ಲಿ ನೀವು ಆರಿಸಿದ 'ಹೆಡಿಂಗ್'ನಂಥ ಸ್ಟೈಲನ್ನು, ಅಕ್ಷರದ ಅಂದವನ್ನಲ್ಲ. 'ಇಂದಿನ ಧಾರಣೆ' ಅನ್ನೋ ಸಾಲನ್ನು ಸುಮ್ನೆ ಬೋಲ್ಡ್ ಮಾಡಿ 18ರ ಸೈಜ್ ಕೊಟ್ಟರೆ ನಮ್ಮ ಕಣ್ಣಿಗೆ ಶೀರ್ಷಿಕೆ, ಬ್ರೌಸರಿಗೆ ಮಾಮೂಲಿ ಪ್ಯಾರಾ. 'ಹೆಡಿಂಗ್ 1' ಹಾಕಿ, ಮುಖ್ಯ ಶೀರ್ಷಿಕೆಯ ಎಚ್1 ಟ್ಯಾಗ್ ತಾನಾಗೇ ಬರುತ್ತದೆ. ತಳಿ, ಬಾಕ್ಸು, ರೇಟು ಅಂತ ಸ್ಪೇಸ್ ಒತ್ತಿ ಒತ್ತಿ ಕಾಲಂ ಮಾಡಬೇಡಿ. ಟೇಬಲ್ಲೇ ಹಾಕಿ, 'ಹೆಡರ್ ರೋ' ಟಿಕ್ ಮಾಡಿ. ಪ್ಯಾಂಡಾಕ್‌ಗೆ ಪುಟದ ಟೈಟಲ್ ಮತ್ತು ಕನ್ನಡ ಭಾಷೆಯ ಕೋಡ್ 'ಕೆಎನ್' (kn) ಕೂಡ ಕೊಡಿ.

ನಮ್ಮ ಕಡೆ ಇನ್ನೊಂದು ತಾಪತ್ರಯ ಇದ್ದೇ ಇದೆ, ಅಲ್ವಾ? ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿ. ಇಲ್ಲದಿದ್ದರೆ ವ್ಯಾಲಿಡೇಟರ್ ಪಾಸ್ ಅಂದರೂ ಮೊಬೈಲಿನಲ್ಲಿ ಕಾಣೋದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.