ಸರ್ಪಸುತ್ತು ವಾಸಿಯಾದ ಮೇಲೂ ಉಳಿದ ನೋವಿಗೆ ಖಿನ್ನತೆಯ ಮಾತ್ರೆ ಬರೆದುಕೊಟ್ಟಿದ್ದಾರೆ. ತೆಗೆದುಕೊಳ್ಳಲೇ, ನೋವಿನ ಮಾತ್ರೆಯಲ್ಲೇ ಸುಧಾರಿಸಿಕೊಳ್ಳಲೇ?

ತೆಗೆದುಕೊಳ್ಳಿ. ಆದರೆ ಪ್ರತಿ ರಾತ್ರಿಯೂ ತಪ್ಪದೆ ತೆಗೆದುಕೊಳ್ಳುವ ಮನಸ್ಸಿದ್ದರೆ ಮಾತ್ರ. ಗುಳ್ಳೆಗಳು ಒಣಗಿದರೂ ಉರಿ ಹೋಗಿಲ್ಲ, ವೈದ್ಯರು 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಬರೆದಿದ್ದಾರೆ, ನನ್ನ ನೋವು ಬರೀ ಮನಸ್ಸಿನದು ಎಂದು ಅವರು ತಿಳಿದಿದ್ದಾರೆಯೇ ಎಂದು ಕೇಳಿದ್ದೀರಿ. ಇದೇ ಮಾತ್ರೆ, ಇದೇ ಪ್ರಮಾಣ, ಇದೇ ಸಂಶಯ ನನ್ನ ಪಾಲಿಗೂ ಬಂದಿದ್ದವು.

ನಾನು ಡೊಂಬಿವಲಿಯಲ್ಲಿ ವಾಸವಾಗಿದ್ದೇನೆ. ಆಗ ಮುಂಬಯಿಯ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಅಧ್ಯಾಪಕಿಯಾಗಿದ್ದೆ. ದಿನವೂ ಲೋಕಲ್ ಹಿಡಿದು ದಾದರ್‌ಗೆ ಹೋಗಿ ಬರುತ್ತಿದ್ದೆ. ಶಾಲೆ ತೆರೆದ ಜೂನ್ ತಿಂಗಳಲ್ಲೇ ಎಡ ಬೆನ್ನಿನಿಂದ ಎದೆಯ ಕೆಳಗಿನವರೆಗೆ ಗುಳ್ಳೆಗಳೆದ್ದವು. ಪಕ್ಕದ ಮನೆಯ ಮರಾಠಿ ಅಜ್ಜಿ ನೋಡಿದ ಕೂಡಲೇ ನಾಗಿಣ್ ಎಂದರು, ಊರಿನಿಂದ ಅತ್ತೆಯವರು ಸುಬ್ರಹ್ಮಣ್ಯನಿಗೆ ಹರಕೆ ಹೊತ್ತರು, ವೈದ್ಯರು ವೈರಾಣುವನ್ನು ತಡೆಯುವ ಎಸೈಕ್ಲೊವಿರ್ ಕೊಟ್ಟರು. ಗುಳ್ಳೆಗಳು ಒಣಗಿದವು. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ ಎನ್ನುವಂತೆ ನೋವು ಮಾತ್ರ ಉಳಿಯಿತು.

ಆ ನೋವನ್ನು ಅನುಭವಿಸದವರಿಗೆ ವಿವರಿಸುವುದು ಕಷ್ಟ. ಒತ್ತಿದರೆ ಅಷ್ಟಾಗಿ ನೋಯದ ಜಾಗ, ರವಿಕೆಯ ಬಟ್ಟೆ ಸವರಿದರೆ ಉರಿಯುತ್ತಿತ್ತು. ಫ್ಯಾನಿನ ಗಾಳಿ ತಾಗಿದರೆ ಮೈ ನಡುಗುತ್ತಿತ್ತು. ಏನೂ ತಾಗದಿದ್ದಾಗಲೂ ಒಮ್ಮೊಮ್ಮೆ ಒಳಗಿನಿಂದ ವಿದ್ಯುತ್ ಹೊಡೆದಂತಾಗುತ್ತಿತ್ತು. ಬೆಳಗಿನ ಹೊತ್ತು ಠಾಣೆ ದಾಟುವಾಗ ಮಹಿಳೆಯರ ಡಬ್ಬಿಯಲ್ಲಿ ಮೈಗೆ ಮೈ ತಾಗದೆ ನಿಲ್ಲುವುದು ಯಾರಿಗೂ ಸಾಧ್ಯವಿಲ್ಲ. ನಾನು ಎಡಗೈಯನ್ನು ಮಡಚಿ ಬೇಲಿಯ ಹಾಗೆ ಹಿಡಿದುಕೊಂಡು, ಕಣ್ಣು ಮುಚ್ಚಿ, ದಾದರ್ ಬರುವುದನ್ನೇ ಕಾಯುತ್ತಿದ್ದೆ.

ನೀವು ಹೇಳುವ ನೋವಿನ ಮಾತ್ರೆಯನ್ನು ನಾನೂ ಸಾಕಷ್ಟು ನುಂಗಿದ್ದೇನೆ. ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು ಗಾಯದಲ್ಲೋ ಊತದಲ್ಲೋ ಹುಟ್ಟುವ ರಾಸಾಯನಿಕವನ್ನು ತಗ್ಗಿಸಿ ನೋವನ್ನು ಇಳಿಸುತ್ತವೆ. ಸರ್ಪಸುತ್ತಿನ ನಂತರ ಉಳಿಯುವ ನೋವಿನಲ್ಲಿ ಊತವೇ ಇರುವುದಿಲ್ಲ. ಚಿಕ್ಕಂದಿನಲ್ಲಿ ಬಂದುಹೋದ ಸಿಡುಬಿನಂಥ ಚಿಕನ್‌ಪಾಕ್ಸ್‌ನ ವೈರಾಣು ಬೆನ್ನುಹುರಿಯ ಬದಿಯ ನರಗಂಟುಗಳಲ್ಲಿ ದಶಕಗಳ ಕಾಲ ಅಡಗಿದ್ದು, ವಯಸ್ಸಾದಾಗಲೋ ಮೈಯ ರಕ್ಷಣಾ ಶಕ್ತಿ ಕುಂದಿದಾಗಲೋ ಎಚ್ಚೆತ್ತು, ನರದುದ್ದಕ್ಕೂ ಇಳಿದು ಚರ್ಮಕ್ಕೆ ಬರುತ್ತದೆ. ಬರುವ ದಾರಿಯಲ್ಲಿ ಆ ನರವನ್ನೇ ಕೆಡಿಸುತ್ತದೆ. ಕೆಟ್ಟ ನರ ಕಾರಣವಿಲ್ಲದೆಯೂ ನೋವಿನ ಸಂಕೇತ ಕಳಿಸುತ್ತಲೇ ಇರುತ್ತದೆ. ಆದ್ದರಿಂದ ಡೈಕ್ಲೊಫೆನಾಕ್‌ನಿಂದ ನನ್ನ ಉರಿ ಒಂದಿಷ್ಟೂ ಕಡಿಮೆಯಾಗಲಿಲ್ಲ, ಹೊಟ್ಟೆಯಲ್ಲಿ ಹುಣ್ಣಾಯಿತು. ನಿಮ್ಮ ಪ್ರಶ್ನೆಯಲ್ಲಿರುವ ಎರಡನೆಯ ದಾರಿ ಈ ನೋವಿನ ಮಟ್ಟಿಗೆ ದಾರಿಯೇ ಅಲ್ಲವೆಂದು ನಾನು ಹೇಳುವುದು ಇದಕ್ಕೇ.

ಗಣೇಶ ಚೌತಿಯ ಹೊತ್ತಿಗೆ ನರರೋಗ ವೈದ್ಯರೊಬ್ಬರು ಅಮಿಟ್ರಿಪ್ಟಿಲಿನ್ ಬರೆದರು, ರಾತ್ರಿ ಒಂದು ಎಂದಷ್ಟೇ ಹೇಳಿದರು. ಔಷಧದ ಅಂಗಡಿಯವನು ಪಟ್ಟಿಯನ್ನು ಕತ್ತರಿಸುತ್ತ, ಇದು ಡಿಪ್ರೆಶನ್‌ನ ಗೋಳಿ, ನಿಮಗೇ ಬೇಕಾದದ್ದಾ ಎಂದು ಎಲ್ಲರೆದುರು ಕೇಳಿದ. ಮನೆಗೆ ಬಂದು ಅದನ್ನು ಮಸಾಲೆ ಡಬ್ಬಿಯ ಹಿಂದೆ ಇಟ್ಟೆ. ನೋವಿನಿಂದಲೇ ಕುಗ್ಗಿದ್ದ ನನಗೆ, ಮನೆಯವರು ಇದನ್ನು ಕಂಡರೆ ನೋವೆಲ್ಲ ತಲೆಯೊಳಗಿನದು ಎಂದುಬಿಡುತ್ತಾರೆ ಎಂಬ ಭಯವಿತ್ತು. ಚಟವಾದೀತೆಂಬ ಭಯ ಅದರ ಜೊತೆಗೆ.

ನನ್ನ ತಪ್ಪು ಇಲ್ಲಿಂದ ಶುರುವಾಯಿತು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪತ್ರದ ಕೊನೆಯಲ್ಲಿ 'ತೀರಾ ತಾಳಲಾಗದ ದಿನ ಒಂದು ತೆಗೆದುಕೊಂಡರೆ ಸಾಕಲ್ಲವೇ' ಎಂಬ ಮಾತಿದೆ. ನಾನು ಮಾಡಿದ್ದು ಅದನ್ನೇ. ತಲೆನೋವಿಗೆ ಕ್ರೋಸಿನ್ ತೆಗೆದುಕೊಳ್ಳುವ ರೀತಿಯಲ್ಲಿ, ಉರಿ ಮಿತಿಮೀರಿದ ರಾತ್ರಿ ಮಾತ್ರ ಒಂದು ಮಾತ್ರೆ ನುಂಗುತ್ತಿದ್ದೆ; ಮರುದಿನ ತಡೆಯುವಂತಿದ್ದರೆ ಬಿಡುತ್ತಿದ್ದೆ; ವಾರಗಟ್ಟಲೆ ಬಿಟ್ಟು ಮತ್ತೆ ಒಮ್ಮೆ ನುಂಗುತ್ತಿದ್ದೆ. ಈ ಔಷಧವನ್ನು ಬಳಸುವುದಕ್ಕೆ ಇದಕ್ಕಿಂತ ಕೆಟ್ಟ ಕ್ರಮ ಇನ್ನೊಂದಿಲ್ಲ. ನೋವಿನ ಪರಿಹಾರ ನಿಧಾನವಾಗಿ, ವಾರಗಳ ಮೇಲೆ ಬರುತ್ತದೆ. ಆದರೆ ಬಾಯಿ ಒಣಗುವುದು, ಮಂಪರು, ಎದ್ದು ನಿಂತಾಗ ತಲೆ ತಿರುಗುವುದು, ಇವೆಲ್ಲ ಮೊದಲನೆಯ ಮಾತ್ರೆಯಿಂದಲೇ ಬರುತ್ತವೆ ಮತ್ತು ಪ್ರತಿದಿನ ತೆಗೆದುಕೊಂಡರೆ ಮೈ ಒಗ್ಗಿಕೊಂಡಂತೆ ಬಹುಮಟ್ಟಿಗೆ ತಗ್ಗುತ್ತವೆ. ಬಿಟ್ಟುಬಿಟ್ಟು ತೆಗೆದುಕೊಳ್ಳುವವರಿಗೆ ಒಗ್ಗುವ ಅವಕಾಶವೇ ಸಿಗುವುದಿಲ್ಲ. ಹಾಗಾಗಿ ಅಡ್ಡಪರಿಣಾಮಗಳೆಲ್ಲ ನನ್ನ ಪಾಲಿಗೆ ಪ್ರತಿ ಸಲವೂ ಹೊಸದಾಗಿ ಬಂದವು, ಪ್ರಯೋಜನ ಒಮ್ಮೆಯೂ ಬರಲಿಲ್ಲ. ಸಾಲದೆಂಬಂತೆ ಅದನ್ನು ಹನ್ನೊಂದು ಗಂಟೆಗೆ ಮಲಗುವಾಗ ನುಂಗಿ ಐದಕ್ಕೆ ಏಳುತ್ತಿದ್ದೆ. ಮಂಪರು ಮೊದಲ ಪಾಠ ಮುಗಿಯುವವರೆಗೂ ಇರುತ್ತಿತ್ತು.

ಇಷ್ಟಾದರೂ ತಿದ್ದಿಕೊಳ್ಳಬಹುದಿತ್ತು, ವೈದ್ಯರಿಗೆ ನಿಜ ಹೇಳಿದ್ದರೆ. ಮಾತ್ರೆ ಉಪಯೋಗವಾಗಲಿಲ್ಲ ಎಂದೆನೇ ಹೊರತು, ಹೇಗೆ ತೆಗೆದುಕೊಂಡೆ ಎಂದು ಹೇಳಲಿಲ್ಲ, ಅವರೂ ಕೇಳಲಿಲ್ಲ. ಅವರು 25ಕ್ಕೆ ಏರಿಸಿದರು. ಅದನ್ನೂ ಆಗೊಮ್ಮೆ ಈಗೊಮ್ಮೆ ನುಂಗಿ ಇನ್ನೂ ಹೆಚ್ಚು ತೂಕಡಿಸಿದೆ. ಕೊನೆಗೆ ಈ ಔಷಧ ನನಗೆ ನಾಟುವುದಿಲ್ಲವೆಂದು ಬರೆದು ಟ್ರಮಡಾಲ್ ಎಂಬ ಬಲವಾದ ನೋವಿನ ಮಾತ್ರೆ ಕೊಟ್ಟರು, ಅದರಿಂದ ವಾಂತಿ ಶುರುವಾಯಿತು. ಒಂದು ಸುಳ್ಳು ಮಾಹಿತಿಯ ಮೇಲೆ ಅವರ ಮುಂದಿನ ಎಲ್ಲ ತೀರ್ಮಾನಗಳೂ ನಿಂತವು. ಆ ಶಾಲಾವರ್ಷ ಮುಗಿಯುವಾಗ, ಇನ್ನು ಲೋಕಲ್‌ನಲ್ಲಿ ನಿಲ್ಲಲಾರೆ ಎಂದು ನಾನು ಸ್ವಯಂನಿವೃತ್ತಿ ತೆಗೆದುಕೊಂಡೆ. ಮುಂಬಯಿಯಲ್ಲಿ ಕನ್ನಡ ಮಾಧ್ಯಮಕ್ಕೆ ಮಕ್ಕಳು ಬರುವುದೇ ಕಡಿಮೆಯಾಗುತ್ತಿದ್ದ ಕಾಲವದು. ನನ್ನ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ, ನನ್ನ ತರಗತಿಯ ಮಕ್ಕಳನ್ನು ಇನ್ನೊಂದು ತರಗತಿಯೊಂದಿಗೆ ಕೂರಿಸಿದರು. ಇದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ, ಏಕೆಂದರೆ ಆ ನಿವೃತ್ತಿ ಬೇಕಿರಲಿಲ್ಲ.

ಬೇಕಿರಲಿಲ್ಲವೆಂದು ತಿಳಿದದ್ದು ಮುಂದಿನ ಮಳೆಗಾಲದಲ್ಲಿ. ಪರೇಲ್‌ನ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ನೋವಿನ ಚಿಕಿತ್ಸೆಗೆಂದೇ ಇರುವ ವಿಭಾಗಕ್ಕೆ ಹೋದಾಗ, ಅಲ್ಲಿನ ವೈದ್ಯೆ ಹಳೆಯ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಇಡಲು ಹೇಳಿದರು. ಬಿಲ್ಲಿನ ದಿನಾಂಕ ನೋಡಿದರು, ಪಟ್ಟಿಯಲ್ಲಿ ಉಳಿದ ಮಾತ್ರೆಗಳನ್ನು ಎಣಿಸಿದರು, ನೀವು ಈ ಔಷಧವನ್ನು ಇನ್ನೂ ಪ್ರಾರಂಭಿಸಿಯೇ ಇಲ್ಲ ಎಂದರು. ಗದರಲಿಲ್ಲ. ಇಸಿಜಿ ಮಾಡಿಸಿ, ಟ್ರಮಡಾಲ್ ನಿಲ್ಲಿಸಿ, 10ರಿಂದಲೇ ಮತ್ತೆ ಆರಂಭಿಸಿದರು. ರಾತ್ರಿ ಮಲಗುವಾಗಲ್ಲ, ಎಂಟು ಗಂಟೆಗೆ, ಊಟದ ಹೊತ್ತಿಗೆ ತೆಗೆದುಕೊಳ್ಳಿ, ಬೆಳಗಿನ ಮಂಪರು ಕಡಿಮೆಯಾಗುತ್ತದೆ ಎಂದರು. ಆರರಿಂದ ಎಂಟು ವಾರ ಆಗುವ ಮೊದಲು ಉಪಯೋಗವಿದೆ ಇಲ್ಲ ಎಂಬ ತೀರ್ಪು ಕೊಡಬಾರದು ಎಂದರು.

ನನ್ನ ನೋವು ನಿಜವೆಂದು ನೀವು ನಂಬುತ್ತೀರಾ ಎಂದು ಅವರನ್ನು ನಾನೂ ಕೇಳಿದ್ದೆ. ಅವರು ಕೊಟ್ಟ ಉತ್ತರವನ್ನು ನಿಮಗೆ ದಾಟಿಸುತ್ತೇನೆ. ಅಮಿಟ್ರಿಪ್ಟಿಲಿನ್‌ಗೆ 1961ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಖಿನ್ನತೆಗೆ, ಆದ್ದರಿಂದ ಆ ಹೆಸರು ಅಂಟಿಕೊಂಡಿದೆ. ಖಿನ್ನತೆಗೆ ಸಾಮಾನ್ಯವಾಗಿ ಬೇಕಾಗುವುದು ದಿನಕ್ಕೆ 75ರಿಂದ 150 ಮಿಲಿಗ್ರಾಂ; ನಿಮಗೆ ಬರೆದಿರುವ 10ರಿಂದ ಯಾರ ಖಿನ್ನತೆಯೂ ವಾಸಿಯಾಗುವುದಿಲ್ಲ. ಮಿದುಳಿನ ಕಾಂಡದಿಂದ ಬೆನ್ನುಹುರಿಗೆ ಇಳಿಯುವ ಕೆಲವು ನರಮಾರ್ಗಗಳಿವೆ, ಮೇಲಕ್ಕೆ ಬರುವ ನೋವಿನ ಸಂಕೇತವನ್ನು ತಡೆಹಿಡಿಯುವುದು ಅವುಗಳ ಕೆಲಸ. ಆ ಮಾರ್ಗಗಳು ಬಳಸುವ ನೊರಾಡ್ರಿನಾಲಿನ್ ಮತ್ತು ಸೆರೊಟೊನಿನ್ ಎಂಬ ರಾಸಾಯನಿಕಗಳು ಹೆಚ್ಚು ಹೊತ್ತು ಉಳಿಯುವಂತೆ ಈ ಮಾತ್ರೆ ಮಾಡುತ್ತದೆ. ಕೆಟ್ಟ ನರ ಸಂಕೇತ ಕಳಿಸಲು ಬಳಸುವ ಸೋಡಿಯಂ ದ್ವಾರಗಳನ್ನೂ ಒಂದಿಷ್ಟು ಮುಚ್ಚುತ್ತದೆ. 1982ರಲ್ಲಿ ಕೆನಡಾದ ವೈದ್ಯ ವಾಟ್ಸನ್ ಮತ್ತು ಅವರ ಸಂಗಡಿಗರು ಸರ್ಪಸುತ್ತಿನ ನಂತರದ ನೋವಿರುವ 24 ಜನರಿಗೆ ಈ ಔಷಧವನ್ನೂ ಔಷಧವಿಲ್ಲದ ಮಾತ್ರೆಯನ್ನೂ ಸರದಿಯಂತೆ ಕೊಟ್ಟು ನೋಡಿದರು. 16 ಜನರಿಗೆ ಚೆನ್ನಾಗಿ ಗುಣ ಕಂಡಿತು. ಅವರಲ್ಲಿ ಹೆಚ್ಚಿನವರಿಗೆ ಖಿನ್ನತೆಯೇ ಇರಲಿಲ್ಲ. ನಿಮ್ಮ ವೈದ್ಯರು ನಿಮ್ಮ ನೋವನ್ನು ನಂಬಿದ್ದರಿಂದಲೇ, ಅದು ನರದ್ದೆಂದು ಗುರುತಿಸಿದ್ದರಿಂದಲೇ ಈ ಮಾತ್ರೆ ಬರೆದಿದ್ದಾರೆ.

ನನಗೆ ಮೊದಲು ಮರಳಿದ್ದು ನಿದ್ರೆ. ಆಮೇಲೆ ಫ್ಯಾನಿನ ಗಾಳಿ ತಡೆಯುವಂತಾಯಿತು, ಅನಂತರ ರವಿಕೆ. ವೈದ್ಯರು 10, 20 ಎಂದು ಮೆಲ್ಲಗೆ ಏರಿಸಿ 30ರಲ್ಲಿ ನಿಲ್ಲಿಸಿದರು. ನೋವು ಪೂರ್ತಿ ಹೋಗಿಲ್ಲ, ಮೊದಲಿನ ಅರ್ಧಕ್ಕಿಂತ ಕಡಿಮೆ ಉಳಿದಿದೆ. ಈಗ ಮಧ್ಯಾಹ್ನದ ಲೋಕಲ್‌ನಲ್ಲಿ ಮಾಟುಂಗದವರೆಗೆ ಹೋಗಿ ಬರುತ್ತೇನೆ. ಬಾಯಿ ಈಗಲೂ ಒಣಗುತ್ತದೆ, ಮಲಬದ್ಧತೆಯಿದೆ, ತೂಕ ಸ್ವಲ್ಪ ಏರಿದೆ. ಇಷ್ಟನ್ನು ನಾನು ಸಂತೋಷದಿಂದ ಒಪ್ಪಿಕೊಂಡಿದ್ದೇನೆ.

ಎಲ್ಲರಿಗೂ ಹೀಗಾಗುವುದಿಲ್ಲ. ಸರಿಯಾಗಿ ತೆಗೆದುಕೊಂಡರೂ ಉಪಯೋಗ ಕಾಣದವರು ಬಹಳ ಜನ ಇದ್ದಾರೆ. ಅವರಿಗೆ ನಾರ್ಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರಿಗಾಬಲಿನ್, ಚರ್ಮಕ್ಕೆ ಅಂಟಿಸುವ ಲಿಡೊಕೇನ್ ಪಟ್ಟಿ ಎಂದು ಬೇರೆ ದಾರಿಗಳಿವೆ, ಅವನ್ನು ನಿಮ್ಮ ವೈದ್ಯರೇ ಹೇಳಬೇಕು. ಕಡಿಮೆ ಪ್ರಮಾಣ ಎಂದ ಮಾತ್ರಕ್ಕೆ ಯಾರು ಬೇಕಾದರೂ ನುಂಗಬಹುದಾದದ್ದೂ ಅಲ್ಲ ಇದು. ಹೃದಯದ ಲಯದ ತೊಂದರೆ, ಇತ್ತೀಚಿನ ಹೃದಯಾಘಾತ, ಕಣ್ಣಿನ ಗ್ಲಾಕೋಮಾ, ಪ್ರಾಸ್ಟೇಟ್‌ನಿಂದಾಗಿ ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದಿದ್ದರೂ ಮೊದಲೇ ತಿಳಿಸಿ. ಟ್ರಮಡಾಲ್ ಆಗಲಿ, ಮನೋವೈದ್ಯರು ಕೊಟ್ಟ ಬೇರೆ ಮಾತ್ರೆಯಾಗಲಿ ಜೊತೆಗಿದ್ದರೆ ಬಚ್ಚಿಡಬೇಡಿ, ಕೆಲವು ಜೋಡಿಗಳಲ್ಲಿ ಸೆರೊಟೊನಿನ್ ಅತಿಯಾಗಿ ಪ್ರಾಣಕ್ಕೆ ಕುತ್ತು ಬರಬಹುದು. ಎಪ್ಪತ್ತು ದಾಟಿದವರು ರಾತ್ರಿ ಎದ್ದಾಗ ಬೀಳುವ ಅಪಾಯವಿದೆ. ನೋವಿನಿಂದ ನಿಮಗೆ ನಿಜವಾಗಿಯೂ ಖಿನ್ನತೆ ಬಂದಿದ್ದರೆ ಅದನ್ನೂ ಹೇಳಿ. ಅದರಲ್ಲಿ ಅವಮಾನವೇನೂ ಇಲ್ಲ, ಆದರೆ ಅದಕ್ಕೆ ಈ 10 ಮಿಲಿಗ್ರಾಂ ಸಾಲದು, ಬೇರೆ ಚಿಕಿತ್ಸೆ ಬೇಕು.

ಮನೆಯವರಿಗೆ ಇವತ್ತೇ ಹೇಳಿಬಿಡಿ. ಬಚ್ಚಿಟ್ಟ ಮಾತ್ರೆಯನ್ನು ಯಾರೂ ಕ್ರಮವಾಗಿ ತೆಗೆದುಕೊಳ್ಳುವುದಿಲ್ಲ. ಮಾತ್ರೆ ಚಟವಾಗುವುದಿಲ್ಲ, ಆದರೆ ಬಹಳ ಕಾಲ ತೆಗೆದುಕೊಂಡು ಒಮ್ಮೆಗೇ ಬಿಟ್ಟರೆ ನಿದ್ರೆ ಕೆಡುತ್ತದೆ, ವಾಕರಿಕೆ, ಬೆವರು, ತಲೆನೋವು ಬರುತ್ತವೆ. ಬಿಡುವಾಗ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಒಂದು ಸಣ್ಣ ಪುಸ್ತಕದಲ್ಲಿ ದಿನಾಂಕ, ಮಾತ್ರೆ ತೆಗೆದುಕೊಂಡ ಗಂಟೆ, ಆ ದಿನದ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ, ಇಷ್ಟನ್ನೇ ಬರೆಯಿರಿ. ಮಾತ್ರೆ ತಪ್ಪಿದ ರಾತ್ರಿಯನ್ನೂ ತಪ್ಪಿತು ಎಂದೇ ಬರೆದು, ಮುಂದಿನ ಭೇಟಿಯಲ್ಲಿ ಉಳಿದ ಮಾತ್ರೆಗಳ ಸಮೇತ ಅದನ್ನು ವೈದ್ಯರ ಮುಂದಿಡಿ.