ಕಾಲೇಜು ಕಟ್ಟೆ: ಬಿಎಸ್ಸಿ ಓದ್ತಾ ಇರೋವಾಗ್ಲೇ ಫಿಸಿಕ್ಸ್ ರಿಸರ್ಚ್ ಮಾಡಬಹುದಾ?

ಪ್ರಶ್ನೆ: ಸರ್, ನಾನು ಚಿಕ್ಕಮಗಳೂರಲ್ಲಿ ಬಿಎಸ್ಸಿ ಎರಡನೇ ವರ್ಷ ಓದ್ತಿದೀನಿ, ಫಿಸಿಕ್ಸು ಮ್ಯಾಥ್ಸು. ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಫಿಸಿಕ್ಸಲ್ಲೇ ರಿಸರ್ಚ್ ಮಾಡ್ಬೇಕು ಅಂತ ತುಂಬಾ ಆಸೆ, ಆದ್ರೆ ನಮ್ಮ ಕಾಲೇಜಲ್ಲಿ ರಿಸರ್ಚ್ ಅಂತ ಏನೂ ನಡೆಯಲ್ಲ, ಲ್ಯಾಬಲ್ಲಿ ಇರೋದೆಲ್ಲ ಹಳೇ ಸಾಮಾನು. ಬೆಂಗಳೂರಿನ ಎಷ್ಟೋ ಪ್ರೊಫೆಸರ್‌ಗಳಿಗೆ ಮೇಲ್ ಮಾಡ್ದೆ, ಒಬ್ಬರೂ ರಿಪ್ಲೈ ಮಾಡ್ಲಿಲ್ಲ. ಮಾರ್ಕ್ಸು 72 ಪರ್ಸೆಂಟ್ ಅಷ್ಟೇ. ಈಗ್ಲೇ ಶುರು ಮಾಡೋಕೆ ದಾರಿ ಇದ್ಯಾ, ಇಲ್ಲಾ ಎಂಎಸ್ಸಿ ಸೇರೋವರೆಗೂ ಕಾಯ್ಬೇಕಾ?
– ಬಿಎಸ್ಸಿ ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಕಾಯೋದು ಬೇಡ ಕಣಮ್ಮ. ಆದ್ರೆ ಶುರು ಮಾಡೋ ಜಾಗ ಬೆಂಗಳೂರಲ್ಲ, ಹಳೇ ಸಾಮಾನು ಅಂತ ಬರ್ದಿದೀಯಲ್ಲ, ಆ ಲ್ಯಾಬೇ. 1906ರ ನವೆಂಬರಲ್ಲಿ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜೀನಲ್ಲಿ ಸಿ.ವಿ. ರಾಮನ್ ಅವರ ಮೊದಲನೇ ಪೇಪರ್ ಬಂದಾಗ ಅವರಿಗೆ 18 ವರ್ಷ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಲ್ಲಿ ಎಂಎ ಓದ್ತಿದ್ರು. ಪ್ರಿಸಮ್ಮಿನ ಮುಖದ ಮೇಲೆ ಬೆಳಕು ತೀರಾ ಓರೆಯಾಗಿ ಬಿದ್ದು ವಾಪಸ್ ಬಂದಾಗ ಕಾಣೋ ಡಿಫ್ರಾಕ್ಷನ್ ಪಟ್ಟಿಗಳು (ಬೆಳಕು ಅಂಚಲ್ಲಿ ಬಾಗಿ ಮೂಡಿಸೋ ಬೆಳಕು-ಕತ್ತಲೆ ಗೆರೆಗಳು) ಎರಡೂ ಪಕ್ಕ ಒಂದೇ ಥರ ಇರಲ್ಲ ಅನ್ನೋದು ಆ ಪೇಪರಿನ ವಿಷಯ. ಸ್ಪೆಕ್ಟ್ರೋಮೀಟರು, ಪ್ರಿಸಮ್ಮು ಎರಡೂ ನಿಮ್ಮ ಲ್ಯಾಬಲ್ಲೂ ಇದಾವೆ. ನಾವು ಪ್ರಿಸಮ್ಮಿನ ಕೋನ ತೆಗ್ದು ರೆಕಾರ್ಡಲ್ಲಿ ಬರ್ದು ಸೈನ್ ಹಾಕಿಸ್ಕೊಂಡು ಹೋಗ್ತೀವಿ, ಅವರು ಅಲ್ಲಿ ಕಂಡ ಬೇರೆ ಏನನ್ನೋ ಬಿಡದೆ ಹಿಂದೆ ಬಿದ್ರು.

ನೀನು ಚಿಕ್ಕಮಗಳೂರಿನವಳಾಗಿದ್ರಿಂದ ಕಾಫಿಯದ್ದೇ ಉದಾಹರಣೆ ಕೊಡ್ತೀನಿ. ಟೇಬಲ್ ಮೇಲೆ ಒಂದು ಹನಿ ಡಿಕಾಕ್ಷನ್ ಬಿದ್ದು ಒಣಗಿದ್ರೆ ನಡುವೆ ತೆಳುವಾಗಿ, ಅಂಚಲ್ಲಿ ಮಾತ್ರ ಕಡು ಕಂದು ಗೆರೆ ನಿಲ್ಲತ್ತೆ, ನೋಡಿರ್ತೀಯ. ಇದಕ್ಕೆ ಸರಿಯಾದ ಕಾರಣ ಹೇಳಿದ್ದು 1997ರಲ್ಲಿ, ಶಿಕಾಗೋ ಯೂನಿವರ್ಸಿಟಿಯವರು, ನೇಚರ್ ಪತ್ರಿಕೆಯಲ್ಲಿ. ಹನಿಯ ಅಂಚು ಟೇಬಲ್ಲಿಗೆ ಕಚ್ಕೊಂಡು ಅಲ್ಲಾಡಲ್ಲ, ಆ ತೆಳು ಅಂಚಲ್ಲಿ ನೀರು ಬೇಗ ಆವಿಯಾಗತ್ತೆ, ಆ ಕೊರತೆ ತುಂಬೋಕೆ ನಡುವಿನಿಂದ ಅಂಚಿನ ಕಡೆಗೆ ನೀರು ಹರಿಯತ್ತೆ, ಹರಿಯೋವಾಗ ಕಾಫಿ ಕಣಗಳನ್ನೂ ಎಳ್ಕೊಂಡು ಹೋಗಿ ಅಂಚಲ್ಲಿ ಪೇರಿಸಿಡತ್ತೆ. 2011ರಲ್ಲಿ ಇನ್ನೊಂದು ತಂಡ ದುಂಡು ಕಣದ ಬದ್ಲು ಉದ್ದುದ್ದ ಕಣ ಬಳಸಿದ್ರೆ ಉಂಗುರವೇ ಆಗಲ್ಲ ಅಂತ ತೋರಿಸ್ತು. ಇಂಕ್‌ಜೆಟ್ ಪ್ರಿಂಟಿಂಗು, ಕೋಟಿಂಗು ಮಾಡೋರಿಗೆ ಇದು ಇವತ್ತಿಗೂ ದೊಡ್ಡ ತಲೆನೋವು, ಹಾಗಾಗಿ ಇದ್ರ ಮೇಲೆ ಕೆಲಸ ನಡೀತಾನೇ ಇದೆ.

ಈಗ ನೀನು ಏನು ಮಾಡಬಹುದು ನೋಡು. ಮೆಡಿಕಲ್ ಶಾಪಲ್ಲಿ ಯು-40 ಇನ್ಸುಲಿನ್ ಸಿರಿಂಜ್ ಸಿಗತ್ತೆ, ಅದ್ರಲ್ಲಿ ಒಂದು ಗೀಟು ಅಂದ್ರೆ 25 ಮೈಕ್ರೋಲೀಟರ್, ಸೋ ಎಲ್ಲಾ ಹನಿಗಳನ್ನೂ ಹೆಚ್ಚುಕಮ್ಮಿ ಒಂದೇ ಸೈಜಲ್ಲಿ ಬಿಡಬಹುದು. ತೊಳ್ದು ಒಣಗಿಸಿದ ಗಾಜಿನ ಸ್ಲೈಡ್ ಮೇಲೆ ಬಿಡು, ಒಣಗಿದ್ಮೇಲೆ ಉಂಗುರದ ಅಗಲವನ್ನ ಟ್ರಾವೆಲಿಂಗ್ ಮೈಕ್ರೋಸ್ಕೋಪಲ್ಲಿ ಅಳಿ, ಅದ್ರ ಲೀಸ್ಟ್ ಕೌಂಟ್, ಅಂದ್ರೆ ಅದು ಅಳೆಯೋ ಅತಿ ಚಿಕ್ಕ ಅಳತೆ, 0.001 ಸೆಂಟಿಮೀಟರ್, ಈ ಕೆಲಸಕ್ಕೆ ಸಾಕು. ಮೊಬೈಲಲ್ಲಿ ಫೋಟೋ ತೆಗ್ದು ಇಮೇಜ್‌ಜೆ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಬಣ್ಣ ಎಲ್ಲಿ ಎಷ್ಟು ಗಾಢ ಅಂತಾನೂ ಗ್ರಾಫ್ ತೆಗೀಬಹುದು. ಆಮೇಲೆ ಪ್ರಶ್ನೆ ಕೇಳು. ಚಿಕೋರಿ ಹಾಕಿದ ಪುಡಿಗೂ ಹಾಕದ ಪುಡಿಗೂ ಉಂಗುರ ಬೇರೆ ಬರತ್ತಾ? ಮಾರ್ಚ್ ಬಿಸಿಲಲ್ಲಿ ಒಣಗಿದ್ದಕ್ಕೂ ಜುಲೈ ಮಳೇಲಿ, ಗಾಳಿ ಪೂರ್ತಿ ಒದ್ದೆಯಾಗಿರೋವಾಗ ಗಂಟೆಗಟ್ಟಲೆ ನಿಧಾನಕ್ಕೆ ಒಣಗಿದ್ದಕ್ಕೂ ಏನು ವ್ಯತ್ಯಾಸ? ವೆಟ್ ಬಲ್ಬ್ ಡ್ರೈ ಬಲ್ಬ್ ಥರ್ಮಾಮೀಟರ್ ಪಕ್ಕದಲ್ಲಿಟ್ಟು ಆ ದಿನದ ತೇವಾಂಶ ಬರ್ಕೋ. ಒಂದೊಂದು ಸ್ಥಿತಿಗೂ ಒಂದೇ ಹನಿ ನೋಡಿ ತೀರ್ಮಾನ ಮಾಡ್ಬೇಡ, ಹತ್ತಿಪ್ಪತ್ತು ಹನಿ ಬೇಕು, ಸರಾಸರಿ ಬೇಕು, ರೀಡಿಂಗ್ಸ್ ಎಷ್ಟು ಆಚೀಚೆ ಹೋಗತ್ತೆ ಅನ್ನೋದೂ ಬೇಕು. ಉತ್ತರ ಬುಕ್ಕಲ್ಲಿ ಇಲ್ದಿರೋ ಜಾಗಕ್ಕೆ ನೀನು ಬಂದಿರೋದು ಆಗ್ಲೇ, ಅದೇ ರಿಸರ್ಚು. ಕಾಫಿನೇ ಆಗ್ಬೇಕು ಅಂತೇನಿಲ್ಲ, ನಿನ್ನ ತಲೆ ತಿನ್ನೋ ಬೇರೆ ಪ್ರಶ್ನೆ ಇದ್ರೆ ಇನ್ನೂ ಒಳ್ಳೇದು.

ಇದನ್ನ ಒಬ್ಬಳೇ ಮಾಡ್ಬೇಡ. ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಪಿಎಚ್‌ಡಿ ಮಾಡಿರೋ ಇಲ್ಲಾ ಮಾಡ್ತಿರೋ ಲೆಕ್ಚರರ್ ಇದಾರಾ ಕೇಳ್ನೋಡು, ಗೆಸ್ಟ್ ಲೆಕ್ಚರರ್‌ಗಳಲ್ಲಂತೂ ಇಂಥೋರು ಇರ್ತಾರೆ, ನಾವು ಅವರನ್ನ ಪಾಠ ಮಾಡಿ ಹೋಗೋರು ಅಂತಷ್ಟೇ ನೋಡ್ತೀವಿ. "ಸರ್, ಪ್ರಾಕ್ಟಿಕಲ್ಸ್ ಇಲ್ದಿರೋ ದಿನ ಮಧ್ಯಾಹ್ನ ಎರಡು ಗಂಟೆ ಲ್ಯಾಬ್ ಬೇಕಿತ್ತು, ನೀವು ವಾರಕ್ಕೊಂದ್ಸಲ ನನ್ನ ರೀಡಿಂಗ್ಸ್ ನೋಡ್ತೀರಾ" ಅಂತ ಕೇಳು. ಹೀಗೆ ಕೇಳೋ ಮಕ್ಕಳು ಸಿಗೋದೇ ಅಪರೂಪ, ಮೇಷ್ಟ್ರಿಗೂ ಖುಷಿ ಆಗತ್ತೆ. ಅಟೆಂಡರ್ ಹತ್ರಾನೂ ಚೆನ್ನಾಗಿರು, ಬೀರು ಕೀ ಅವರ ಕೈಲಿರತ್ತೆ, ಯಾವ ಮೈಕ್ರೋಸ್ಕೋಪ್ ಸರಿ ಇದೆ ಅನ್ನೋದೂ ಅವರಿಗೇ ಗೊತ್ತು.

ಇನ್ನು ಮೇಲ್ ವಿಷಯ. ನೀನು ಏನು ಬರ್ದಿದ್ದೆ ಅಂತ ಹೇಳಿಲ್ಲ, ಆದ್ರೆ ಸಾಮಾನ್ಯವಾಗಿ ಹುಡುಗ್ರು ಕಳಿಸೋ ಮೇಲಲ್ಲಿ "ನನಗೆ ಫಿಸಿಕ್ಸ್ ಅಂದ್ರೆ ಪ್ರಾಣ, ಯಾವ ಪ್ರಾಜೆಕ್ಟ್ ಕೊಟ್ರೂ ಮಾಡ್ತೀನಿ" ಅಂತಿರತ್ತೆ, ಅದೇ ಮೇಲು ಐವತ್ತು ಜನಕ್ಕೆ ಹೋಗಿರತ್ತೆ. ಓದೋರಿಗೆ ಅದು ತಕ್ಷಣ ಗೊತ್ತಾಗತ್ತೆ. ಇಬ್ಬರು ಮೂವರನ್ನ ಆರಿಸ್ಕೋ, ಅವರ ವೆಬ್‌ಸೈಟ್ ನೋಡು, ಅವರದ್ದೊಂದು ಪೇಪರ್ ಆರ್ಕೈವ್‌ನಿಂದ ಇಳಿಸ್ಕೊಂಡು ಓದು, ಅದು arxiv.org ಅನ್ನೋ ವೆಬ್‌ಸೈಟು, ಅಲ್ಲಿ ಫಿಸಿಕ್ಸ್ ಪೇಪರ್‌ಗಳು ಪುಕ್ಕಟೆ ಸಿಗತ್ತೆ. ಪೂರ್ತಿ ಅರ್ಥ ಆಗಲ್ಲ, ಆಗ್ಬೇಕಾಗೂ ಇಲ್ಲ, ಮೊದಲ ಪ್ಯಾರಾ, ಚಿತ್ರಗಳು, ಕೊನೆ ಪ್ಯಾರಾ ಓದಿ ಒಂದು ಪ್ರಶ್ನೆ ಹುಟ್ಟಿದ್ರೆ ಸಾಕು. ಆಮೇಲೆ ಹತ್ತು ಸಾಲಿನ ಮೇಲು: ನಾನು ಇಂಥ ಕಾಲೇಜು, ಇಂಥ ವರ್ಷ, ಕಾಫಿ ಹನಿ ಮೇಲೆ ಇಷ್ಟು ಅಳತೆ ಮಾಡಿದೀನಿ, ಗ್ರಾಫ್ ಜೊತೆಗಿಟ್ಟಿದೀನಿ, ತೇವಾಂಶ ಜಾಸ್ತಿ ಇದ್ದಾಗ ಹೀಗ್ಯಾಕೆ ಆಗತ್ತೆ ಅಂತ ಗೊತ್ತಾಗ್ತಿಲ್ಲ, ಈ ಬೇಸಿಗೇಲಿ ನಿಮ್ಮ ಲ್ಯಾಬಲ್ಲಿ ಕಲಿಯೋಕೆ ಅವಕಾಶ ಇದ್ಯಾ. ಬೆಂಗಳೂರಿನ ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟಲ್ಲಿ ಸಾಫ್ಟ್ ಕಂಡೆನ್ಸ್ಡ್ ಮ್ಯಾಟರ್ ಅಂತ ಒಂದು ವಿಭಾಗವೇ ಇದೆ, ಇಂಥ ದ್ರವ, ಕಣಗಳ ಕೆಲಸ ಮಾಡೋರು ಅಲ್ಲಿದಾರೆ. ಎರಡು ವಾರ ಆದ್ರೂ ಉತ್ತರ ಬರ್ಲಿಲ್ಲ ಅಂದ್ರೆ ಒಂದ್ಸಲ ನೆನಪಿಸು, ಆಮೇಲೂ ಇಲ್ಲ ಅಂದ್ರೆ ಮುಂದಿನವರಿಗೆ ಬರಿ, ಬೇಜಾರು ಮಾಡ್ಕೋಬೇಡ. ಶಂಕರಘಟ್ಟದಲ್ಲಿ ಕುವೆಂಪು ಯೂನಿವರ್ಸಿಟಿಯ ಫಿಸಿಕ್ಸ್ ಡಿಪಾರ್ಟ್‌ಮೆಂಟಿಗೂ ಬರಿ, ಹತ್ರದ್ದನ್ನ ಬಿಟ್ಟು ದೂರದ್ದನ್ನೇ ಯಾಕೆ ಹುಡುಕ್ಬೇಕು.

ಅರ್ಜಿ ಹಾಕಿ ಹೋಗೋ ದಾರೀನೂ ಇದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಸಮ್ಮರ್ ರಿಸರ್ಚ್ ಫೆಲೋಶಿಪ್ ಅಂತ ಪ್ರತಿ ವರ್ಷ ಕೊಡ್ತಾರೆ, ಎರಡು ತಿಂಗಳು ಯಾವುದಾದ್ರೂ ಸಂಸ್ಥೇಲಿ ಒಬ್ಬ ವಿಜ್ಞಾನಿ ಜೊತೆ ಕೆಲಸ, ಸ್ಟೈಪೆಂಡೂ ಉಂಟು. ಬೇಸಿಗೆ ಕೆಲಸಕ್ಕೆ ಅರ್ಜಿ ಕರೆಯೋದು ಹಿಂದಿನ ವರ್ಷದ ಕೊನೆ ತಿಂಗಳುಗಳಲ್ಲೇ, ಏಪ್ರಿಲಲ್ಲಿ ನೋಡಿದ್ರೆ ಮುಗ್ದಿರತ್ತೆ, ನಮ್ಮ ಕಡೆ ಮಕ್ಕಳು ಕಳ್ಕೊಳೋದು ಇದ್ರಲ್ಲೇ. ಅರ್ಜಿ ಜೊತೆ ನಿನಗೆ ಯಾವ ವಿಷಯ, ಯಾಕೆ ಅಂತ ಬರೆಯೋ ಒಂದು ಟಿಪ್ಪಣಿ, ಮೇಷ್ಟ್ರ ಶಿಫಾರಸು ಪತ್ರ ಬೇಕು. ನಿನ್ನ ಜೊತೆ ಆರು ತಿಂಗಳು ಲ್ಯಾಬಲ್ಲಿ ಕೂತಿದ್ದ ಮೇಷ್ಟ್ರು ಬರೆಯೋ ಪತ್ರಕ್ಕೂ, "ಒಳ್ಳೇ ವಿದ್ಯಾರ್ಥಿನಿ, ನಡತೆ ಚೆನ್ನಾಗಿದೆ" ಅಂತ ಬರ್ದು ಸೀಲ್ ಹಾಕೋ ಪತ್ರಕ್ಕೂ ಅಜಗಜಾಂತರ. 72 ಪರ್ಸೆಂಟ್ ಕೆಲವು ಕಡೆ ಅಡ್ಡಿ ಆಗತ್ತೆ, ಸುಳ್ಳು ಹೇಳಲ್ಲ, ಮುಂದಿನ ಸೆಮಿಸ್ಟರಲ್ಲಿ ಏರಿಸ್ಕೋ. ಆದ್ರೆ ಎಲ್ಲಾ ಕಡೆ ಮಾರ್ಕ್ಸನ್ನೇ ನೋಡಲ್ಲ.

ಇಂಗ್ಲಿಷ್ ಬಗ್ಗೆ ನೀನು ಬಾಯಿಬಿಟ್ಟು ಕೇಳಿಲ್ಲ, ಕನ್ನಡ ಮೀಡಿಯಂ ಅಂತ ಬರ್ದಿರೋದ್ರಲ್ಲೇ ಗೊತ್ತಾಯ್ತು. ಚಿಕ್ಕ ಚಿಕ್ಕ ವಾಕ್ಯದಲ್ಲಿ ಬರಿ, ಮೇಷ್ಟ್ರ ಹತ್ರ ತಿದ್ದಿಸು. ರೆಸೊನೆನ್ಸ್ ಅಂತ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನವರ ಪತ್ರಿಕೆ ಇದೆ, 1996ರಿಂದ ಬರ್ತಿದೆ, ಕಾಲೇಜು ಮಕ್ಕಳಿಗೇ ಅಂತ ಬರ್ದಿರೋದು, ನೆಟ್ಟಲ್ಲಿ ಪುಕ್ಕಟೆ. ತಿಂಗಳಿಗೆ ಎರಡು ಲೇಖನ ಕೂತು ಓದಿದ್ರೆ ವಿಜ್ಞಾನದ ಇಂಗ್ಲಿಷ್ ತಾನಾಗೇ ಹತ್ತತ್ತೆ. ಒಂದು ಎಚ್ಚರಿಕೆ ಮಾತ್ರ, "ದುಡ್ಡು ಕಟ್ಟಿ, ಮೂರೇ ದಿನಕ್ಕೆ ಇಂಟರ್‌ನ್ಯಾಷನಲ್ ಜರ್ನಲಲ್ಲಿ ಪೇಪರ್ ಹಾಕ್ತೀವಿ" ಅಂತ ವಾಟ್ಸಾಪಲ್ಲಿ ಬರತ್ತೆ, ಆ ಕಡೆ ತಲೇನೂ ಹಾಕ್ಬೇಡ. ಅಂಥ ಪೇಪರು ನಾಳೆ ನಿನ್ನ ಹೆಸರಿಗೇ ಕಪ್ಪು ಚುಕ್ಕೆ. ಕೆಲಸ ಗಟ್ಟಿಯಾದ್ರೆ ಭಾರತೀಯ ಫಿಸಿಕ್ಸ್ ಶಿಕ್ಷಕರ ಸಂಘದವರು ವಿದ್ಯಾರ್ಥಿಗಳಿಗೋಸ್ಕರ ಸ್ಟೂಡೆಂಟ್ ಜರ್ನಲ್ ಆಫ್ ಫಿಸಿಕ್ಸ್ ತರ್ತಾರೆ, ಅಲ್ಲಿಗೆ ಕಳ್ಸು.

ಪ್ರಶ್ನೆ: ಹಾಸನದಲ್ಲಿ ಕೊನೇ ವರ್ಷ ಬಿಎಸ್ಸಿ ಮಾಡ್ತಿದೀನಿ. ಸಾಲಗಾಮೆ ರೋಡಲ್ಲಿ ಓಡಾಡೋವಾಗ ಇಸ್ರೋದ ಆಂಟೆನಾಗಳು ಕಾಣ್ತವೆ, ಚಿಕ್ಕಂದಿನಿಂದ ಅಲ್ಲೇ ಏನಾದ್ರೂ ಮಾಡ್ಬೇಕು ಅಂತ ಆಸೆ. ಲ್ಯಾಬಿಗಿಂತ ಕೋಡಿಂಗ್ ಇಷ್ಟ, ಪೈಥಾನ್ ಬರತ್ತೆ. ಒಳಗೆ ಸೇರ್ಕೊಳ್ದೇ ಸ್ಪೇಸ್ ರಿಸರ್ಚ್ ಮಾಡೋಕೆ ಆಗಲ್ವಾ?
– ಹಾಸನದ ಓದುಗ

ಉತ್ತರ: ಆಗತ್ತಪ್ಪ, ಅದೂ ಆ ಆಂಟೆನಾಗಳಿಗೆ ಸಂಬಂಧ ಪಟ್ಟಿದ್ದನ್ನೇ ಮಾಡಬಹುದು. ಆ ಆಂಟೆನಾಗಳಿರೋದು ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟೀಲಿ, ಅದು 1982ರಿಂದ ಅಲ್ಲಿದೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರೋ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನ ಅವುಗಳ ಜಾಗದಲ್ಲಿ ನಿಲ್ಲಿಸೋದು ಅವರ ಮುಖ್ಯ ಕೆಲಸ. ನಿಲ್ಲಿಸೋದು ಯಾಕೆ ಅಂದ್ರೆ ಅವು ತಾವಾಗೇ ನಿಲ್ಲಲ್ಲ, ಸೂರ್ಯ ಚಂದ್ರರ ಸೆಳೆತಕ್ಕೆ ಕಕ್ಷೆ ವರ್ಷಕ್ಕೆ ಒಂದು ಡಿಗ್ರಿಗಿಂತ ಸ್ವಲ್ಪ ಕಮ್ಮಿ ವಾಲ್ತಾ ಹೋಗತ್ತೆ, ಅದನ್ನ ಸರಿ ಮಾಡೋಕೆ ಆಗಾಗ ಥ್ರಸ್ಟರ್ ಅನ್ನೋ ಪುಟ್ಟ ರಾಕೆಟ್ ಉರಿಸ್ಬೇಕು, ಅದಕ್ಕೆ ಇಂಧನ ಬೇಕು, ಇಂಧನ ಮುಗೀತಾ ಬಂದಾಗ ವಾಲೋದನ್ನ ಹಾಗೇ ಬಿಟ್ಟು ಪೂರ್ವ-ಪಶ್ಚಿಮ ಜಾಗ ಮಾತ್ರ ಕಾಪಾಡ್ಕೊಳೋದೂ ಉಂಟು.

ಈಗ ಮಜಾ ಏನು ಗೊತ್ತಾ, ಈ ಉಪಗ್ರಹಗಳ ಕಕ್ಷೆಯ ಅಂಕಿಗಳು ಟಿಎಲ್‌ಇ ಅನ್ನೋ ಎರಡು ಸಾಲಿನ ರೂಪದಲ್ಲಿ ಎಲ್ಲರಿಗೂ ಎರಡು ವೆಬ್‌ಸೈಟಲ್ಲಿ ಸಿಗತ್ತೆ. ಸೆಲೆಸ್‌ಟ್ರ್ಯಾಕಲ್ಲಿ ಇವತ್ತಿನದ್ದು, ಸ್ಪೇಸ್-ಟ್ರ್ಯಾಕಲ್ಲಿ ಫ್ರೀ ಅಕೌಂಟ್ ಮಾಡ್ಕೊಂಡ್ರೆ ಹಳೇ ವರ್ಷಗಳದ್ದೂ. ಒಂದು ಜಿಸ್ಯಾಟ್ ಆರಿಸ್ಕೊಂಡು ಕಕ್ಷೆಯ ಓರೆಯನ್ನ ದಿನಾಂಕದ ಎದುರು ಪ್ಲಾಟ್ ಮಾಡು. ನಿಧಾನಕ್ಕೆ ಬದಲಾಗ್ತಾ ಹೋಗಿ ದಡಕ್ಕಂತ ಹಿಂದಕ್ಕೆ ಬರೋ ಗರಗಸದ ಹಲ್ಲಿನಂಥ ಗೆರೆ ಬರತ್ತೆ. ನಿಧಾನದ ಇಳಿಜಾರು ಸೂರ್ಯ ಚಂದ್ರರದ್ದು, ದಡಕ್ಕಂತ ಬಂದಿದ್ದು ನಿಮ್ಮೂರಿಂದ ಹೋದ ಕಮಾಂಡಿನದ್ದು. ಆ ಇಳಿಜಾರು ಎಲ್ಲಾ ವರ್ಷ ಒಂದೇ ಇರಲ್ಲ, ಚಂದ್ರನ ಕಕ್ಷೆಗೆ 18.6 ವರ್ಷದ ಒಂದು ಸುತ್ತು ಇದೆ, ಅದು ಇಲ್ಲೂ ಕಾಣ್ಬೇಕು. ಕಾಣತ್ತಾ? ಪುಸ್ತಕದ ಲೆಕ್ಕಕ್ಕೆ ಎಷ್ಟು ಹತ್ರ ಬರತ್ತೆ? ಇಂಧನ ಉಳಿಸೋಕೆ ಶುರು ಮಾಡಿದ ಉಪಗ್ರಹನ ಬರೀ ಗ್ರಾಫ್ ನೋಡಿ ಗುರುತಿಸ್ತೀಯಾ? ಕೊನೇ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೇದು ಹಾಸನದ ಹುಡುಗನಿಗೆ ನನಗಂತೂ ಹೊಳೀತಿಲ್ಲ. ಟಿಎಲ್‌ಇ ಅಂಕಿಗಳಲ್ಲಿ ತಪ್ಪೂ ಇರತ್ತೆ, ಒಂದೊಂದು ಬಿಂದು ಎಲ್ಲೋ ಹಾರಿರತ್ತೆ, ಅದನ್ನ ಸುಮ್ನೆ ಅಳಿಸ್ಬೇಡ, ಯಾಕೆ ಅಳಿಸಿದೆ ಅಂತ ಬರ್ದಿಡು.

ಖಗೋಳದ ಕಡೆ ಮನಸ್ಸಿದ್ರೆ 2015ರ ಸೆಪ್ಟೆಂಬರಲ್ಲಿ ಹಾರಿದ, ಎಕ್ಸ್-ರೇ, ಅಲ್ಟ್ರಾವಯೊಲೆಟ್ಟಲ್ಲಿ ಆಕಾಶ ನೋಡೋ ಆಸ್ಟ್ರೋಸ್ಯಾಟ್, 2023ರ ಸೆಪ್ಟೆಂಬರಲ್ಲಿ ಹಾರಿದ, ಸೂರ್ಯನನ್ನ ನೋಡೋ ಆದಿತ್ಯ-ಎಲ್1, ಎರಡರ ಡೇಟಾನೂ ಇಸ್ರೋ ಸಾರ್ವಜನಿಕರಿಗೆ ಬಿಟ್ಟಿದೆ. ಆದ್ರೆ ಅದಕ್ಕೆ ಕೈಹಾಕೋ ಮುಂಚೆ ಯಾರಾದ್ರೂ ಗೈಡ್ ಇದ್ರೆ ಒಳ್ಳೇದು, ಎಕ್ಸ್-ರೇ ಡೇಟಾ ಬಿಡಿಸೋದ್ರಲ್ಲೇ ಸೆಮಿಸ್ಟರ್ ಕಳ್ದು ಹೋಗತ್ತೆ.

ಪ್ರಶ್ನೆ: ಮಗಳು ಬಿಎಸ್ಸಿ. ಬೇಸಿಗೆ ರಜೇಲಿ ಎರಡು ತಿಂಗಳು ಬೆಂಗಳೂರಲ್ಲಿ ರಿಸರ್ಚ್ ಪ್ರಾಜೆಕ್ಟ್ ಅಂತ ಹೊರಟಿದಾಳೆ. ಮಾರ್ಕ್ಸಿಗೂ ಸೇರಲ್ಲ, ಕೆಲಸಾನೂ ಅಲ್ಲ. ಕಳಿಸಬಹುದಾ?
– ತಂದೆ, ಸಕಲೇಶಪುರ

ಉತ್ತರ: ಕಳಿಸಿ ಸರ್. ಮಾರ್ಕ್ಸ್ ಕಾರ್ಡಲ್ಲಿ ಕಾಣಲ್ಲ ನಿಜ, ಆದ್ರೆ ಬಿಎಸ್ಸಿ ಆದ್ಮೇಲೆ ನೇರ ಸೇರೋ ಐಐಎಸ್ಸಿ ಇಂಟಿಗ್ರೇಟೆಡ್ ಪಿಎಚ್‌ಡಿ ಥರದ ಕಡೆ ಇಂಟರ್‌ವ್ಯೂಗೆ ಕೂತಾಗ "ನೀನೇ ಮಾಡಿದ ಕೆಲಸ ಹೇಳಮ್ಮ" ಅಂದ್ರೆ ಹೇಳೋಕೆ ಅವಳ ಹತ್ರ ಏನಾದ್ರೂ ಇರತ್ತೆ. ಇನ್ನೊಂದು, ಎರಡು ತಿಂಗಳು ಮಾಡಿ ನೋಡಿ ಇದು ನನಗೆ ಬೇಡ ಅನ್ನಿಸಿದ್ರೆ ಅದೂ ಈಗ್ಲೇ ಗೊತ್ತಾಗೋದು ಒಳ್ಳೇದು, ಪಿಎಚ್‌ಡಿ ಸೇರಿ ಮೂರು ವರ್ಷ ಆದ್ಮೇಲಲ್ಲ.

ನೀವು ಕೇಳಿ ತಿಳ್ಕೋಬೇಕಾಗಿರೋದು ಇಷ್ಟು: ಸಂಸ್ಥೆಯಿಂದ ಅಧಿಕೃತ ಪತ್ರ ಬಂದಿದ್ಯಾ, ಹಾಸ್ಟೆಲ್ ಕ್ಯಾಂಪಸ್ ಒಳಗಾ ಹೊರಗಾ, ಸ್ಟೈಪೆಂಡ್ ಯಾವಾಗ ಕೊಡ್ತಾರೆ. ಎಷ್ಟೋ ಕಡೆ ಅದು ಕೊನೇಲಿ ಬರತ್ತೆ, ಹಾಗಾಗಿ ಮೊದಲ ತಿಂಗಳ ಊಟ, ಬಸ್ಸಿನ ಖರ್ಚು ಕೈಯಿಂದ ಹಾಕೋಕೆ ತಯಾರಾಗಿರಿ. ಸೀಟು ಕೊಡ್ತೀವಿ ಅಂತ ಅವರೇ ದುಡ್ಡು ಕೇಳಿದ್ರೆ ಮಾತ್ರ ಕಳಿಸ್ಬೇಡಿ. ಮಗಳಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಸ್ಕಾಲರ್‌ಶಿಪ್ ಬರ್ತಿದ್ಯಾ ನೋಡಿ, ವರ್ಷಕ್ಕೆ 80,000 ರೂಪಾಯಿಯಲ್ಲಿ 20,000 ಇಟ್ಟಿರೋದೇ ಬೇಸಿಗೆ ರಿಸರ್ಚ್ ಪ್ರಾಜೆಕ್ಟಿಗೆ. ಆ ಪ್ರಾಜೆಕ್ಟಿನ ರಿಪೋರ್ಟು, ಗೈಡ್ ಸಹಿ ಮಾಡಿದ ಸರ್ಟಿಫಿಕೇಟು ಕೊಡ್ಬೇಕಾಗತ್ತೆ, ಬೆಂಗಳೂರಿಂದ ಹೊರಡೋ ಮುಂಚೆನೇ ಸಹಿ ಹಾಕಿಸ್ಕೊಂಡು ಬರೋಕೆ ಹೇಳಿ.